ಹಾಲೇಶ ವಿಮಾನದ ಬಾಲ ಹಿಡಿದದ್ದು

ಹೂಂಗುಡುವವರು ಮುಂದೆ ಬನ್ನಿ, ನಗು ತಡೆಯಲಾಗದವರು ಬಾಗಿಲ ಹತ್ತಿರ ಕೂತುಕೊಳ್ಳಿ. ಪೆದ್ದ ಯಾರು ಅಂತ ನನ್ನನ್ನು ಮಾತ್ರ ಕೇಳಬೇಡಿ. ಕತೆ ಮುಗಿಯುವ ಹೊತ್ತಿಗೆ ನಿಮಗೇ ತಿಳಿದರೆ ತಿಳಿಯಲಿ.

ಹರಿಹರದಲ್ಲಿ ಹನುಮವ್ವ ಅಂತ ಒಬ್ಬಾಕೆ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಅವಳಿಗೆ ಒಬ್ಬನೇ ಮಗ, ಹಾಲೇಶ. ವಯಸ್ಸು ಮೂವತ್ತು, ಮೀಸೆ ದಪ್ಪ, ಮೈಯಲ್ಲಿ ಎತ್ತಿನ ಕಸುವು. ಕುಡಿಯುವವನಲ್ಲ, ಜಗಳಗಂಟನಲ್ಲ. ಹೇಳಿದ ಮಾತನ್ನು ಒಂದು ದಿನವೂ ಮೀರಿದವನಲ್ಲ. ಅಲ್ಲಿಂದಲೇ ತಾಪತ್ರಯವೆಲ್ಲ ಶುರುವಾಗುತ್ತಿದ್ದದ್ದು.

ಹೋಟೆಲಿಗೆ ಹಾಕಿದಳು. ಗಿರಾಕಿ ಎದ್ದ ಕೂಡಲೇ ತಟ್ಟೆ ತೆಗೆದು ಟೇಬಲ್ ಒರೆಸು ಅಂತ ಯಜಮಾನ ಹೇಳಿದ. ಬಿಸಿ ದೋಸೆ ಮುಂದೆ ಬಂತು ಅಂತ ಗಿರಾಕಿ ಕೈ ತೊಳೆಯಲು ಎದ್ದರೆ, ತಿರುಗಿ ಬರುವಷ್ಟರಲ್ಲಿ ದೋಸೆಯೂ ಇಲ್ಲ, ತಟ್ಟೆಯೂ ಇಲ್ಲ, ಟೇಬಲ್ ಫಳಫಳ. ಪಂಕ್ಚರ್ ಅಂಗಡಿಗೆ ಹಾಕಿದಳು. ಗಾಳಿ ಎಲ್ಲಿ ಸೋರುತ್ತೆ ಅಂತ ನೋಡೋಕೆ ನೀರಲ್ಲಿ ಮುಳುಗಿಸು ಅಂದರು. ಅವನು ಸ್ಕೂಟರನ್ನು ತಳ್ಳಿಕೊಂಡು ಹೋಗಿ ತುಂಗಭದ್ರೆಗೆ ಇಳಿಸಿದ. ಹೀಗೆ ಎಂಟು ಬಾಗಿಲು ಹತ್ತಿ, ಎಂಟೂ ಬಾಗಿಲಿಂದ ಇಳಿದು ಬಂದ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹನುಮವ್ವನಿಗೆ ಮುದ್ದೂ ಇತ್ತು, ಸಂಕಟವೂ ಇತ್ತು. ತಾನು ಹೋದ ಮೇಲೆ ಇವನ ಗತಿ ಏನು ಅನ್ನುವ ಚಿಂತೆ ಭಟ್ಟಿಯ ಕಾವಿಗಿಂತ ಹೆಚ್ಚು ಸುಡುತ್ತಿತ್ತು. ಬೆಳಿಗ್ಗೆ ಎದ್ದು ಹೋಗೋಕೆ ಮಗನಿಗೆ ಒಂದು ಬಾಗಿಲು, ಅಷ್ಟೇ ಅವಳು ಬೇಡುತ್ತಿದ್ದದ್ದು.

ಒಂಬತ್ತನೆಯ ಬಾಗಿಲು ಜಬೀವುಲ್ಲಾ ಮೇಸ್ತ್ರಿಯದು. ಮೇಸ್ತ್ರಿಗೆ ಅರವತ್ತೆಂಟು ವರ್ಷ. ನಲವತ್ತು ವರ್ಷ ಲೇತ್ ಮಷಿನ್ ಮುಂದೆ ನಿಂತವರು. ನಿವೃತ್ತಿ ಆದಮೇಲೆ ಶೆಡ್ಡಿನಲ್ಲಿ ಕೂತು ವಿಮಾನ ಕಟ್ಟುತ್ತಿದ್ದರು. ಆಟಿಕೆ ಅಂದುಕೊಂಡಿರೋ? ಈ ರೆಕ್ಕೆಯ ತುದಿಯಿಂದ ಆ ರೆಕ್ಕೆಯ ತುದಿಗೆ ಹನ್ನೊಂದು ಅಡಿ. ಒಳಗೆ ಕೂರಲು ಜಾಗವಿಲ್ಲ. ಓಡಿಸುವವರು ನೆಲದ ಮೇಲೆ ನಿಂತು, ಕೈಯಲ್ಲಿ ಎರಡು ಕಡ್ಡಿಯ ರೇಡಿಯೋ ಪೆಟ್ಟಿಗೆ ಹಿಡಿದು ಓಡಿಸಬೇಕು. ಎಂಜಿನ್ ಎಲ್ಲಿಂದ ಬಂತು ಅಂತ ನಾನೂ ಕೇಳಿದ್ದೆ. ಹುಲ್ಲು ಕತ್ತರಿಸುವ ಮಷಿನ್ನಿನದಂತೆ. ಅದರ ಹೊರಕವಚ ಕಿತ್ತು, ಬೇಡದ ಕಬ್ಬಿಣ ಅರದಿಂದ ಉಜ್ಜಿ, ಮುಂದೆ ಮರದ ಫ್ಯಾನು ಕೂರಿಸಿದ್ದರು. ಹುಲ್ಲು ಕೊಯ್ಯುತ್ತಿದ್ದದ್ದು ಈಗ ಗಾಳಿ ಕೊಯ್ಯಬೇಕು. ಮೂರು ವರ್ಷದ ಕೆಲಸ. ಎತ್ತಿ ಹಿಡಿಯಲು ಗಟ್ಟಿ ತೋಳಿನವನೊಬ್ಬ ಬೇಕಾಗಿದ್ದ, ಹಾಲೇಶ ಸಿಕ್ಕಿದ.

ಶೆಡ್ಡಿನೊಳಗೆ ಕಾಲಿಟ್ಟವನೇ ಹಾಲೇಶ ವಿಮಾನದ ಸುತ್ತ ಮೂರು ಸುತ್ತು ಬಂದ. ಬಗ್ಗಿ ಹೊಟ್ಟೆ ನೋಡಿದ, ಮೂಸಿ ನೋಡಿದ. ಇದಕ್ಕೆ ತಾನು ಹಾರೋದು ಅಂತ ಯಾರು ಹೇಳಿಕೊಡ್ತಾರೆ ಅಂತ ಕೇಳಿದ. ಮೇಸ್ತ್ರಿಗೆ ಆ ಪ್ರಶ್ನೆ ಹಿಡಿಸಿತು. ಊರಿನ ಬುದ್ಧಿವಂತರೆಲ್ಲ ಬಂದು ಎಷ್ಟು ಖರ್ಚಾಯ್ತು ಅಂತ ಮಾತ್ರ ಕೇಳಿ ಹೋಗಿದ್ದರು.

ಮೊದಲ ದಿನ ಬಂಕಿನಿಂದ ಪೆಟ್ರೋಲ್ ತರಲು ಕಳಿಸಿದರು. ತಂದ. ಕ್ಯಾನಿನ ತಳದಲ್ಲಿ ಹಳೇ ಮಣ್ಣಿತ್ತು. ಮೇಸ್ತ್ರಿ ಅದಕ್ಕೆ ಎಂಜಿನ್ ಆಯಿಲ್ ಬೆರೆಸಿ ಟ್ಯಾಂಕಿಗೆ ಹುಯ್ದರೆ, ಎಂಜಿನ್ ಎರಡು ಸಲ ಕೆಮ್ಮಿ ಸತ್ತಿತು. ಕಾರ್ಬುರೇಟರ್ ಬಿಚ್ಚಿ ಸಾಸಿವೆ ಕಾಳಿನಷ್ಟು ಕಸ ತೆಗೆಯಲು ಮಧ್ಯಾಹ್ನ ಕಳೆಯಿತು. ಮೇಸ್ತ್ರಿ ಬೈದರು. ಇನ್ನು ಮುಂದೆ ಏನೇ ಹುಯ್ಯೋ ಪದಾರ್ಥ ಕೈಗೆ ಬಂದರೂ ಬಟ್ಟೆಯಲ್ಲಿ ಸೋಸಿಯೇ ಕೊಡಬೇಕು ಅಂದರು. ಹಾಲೇಶ ಹೂಂ ಅಂದ.

ಮಾರನೆಯ ದಿನ ಅಂಟಿನ ಕೆಲಸ. ಎರಡು ಬಾಟಲಿಯ ಅಂಟು, ಸಮಸಮ ಬೆರೆಸಿದರೆ ಐದು ನಿಮಿಷದಲ್ಲಿ ಕಲ್ಲಾಗುತ್ತದೆ. ಬೆರೆಸಿ ಬೇಗ ಕೊಡು ಅಂದರು ಮೇಸ್ತ್ರಿ. ಹಾಲೇಶ ಬೆರೆಸಿದ. ಹೆಗಲ ಮೇಲಿನ ಟವೆಲ್ ತೆಗೆದ, ಬಟ್ಟಲಿನ ಮೇಲೆ ಹಾಸಿದ, ಸೋಸಲು ಕೂತ. ಅಂಟು ಇಳಿಯಲಿಲ್ಲ. ಬೆರಳಿನಿಂದ ಒತ್ತಿದ. ಮೇಸ್ತ್ರಿ ತಿರುಗಿ ನೋಡುವಷ್ಟರಲ್ಲಿ ಟವೆಲ್ಲು, ಬಟ್ಟಲು, ಎರಡು ಬೆರಳು ಎಲ್ಲ ಒಂದೇ ಆಗಿತ್ತು. ಬ್ಲೇಡಿನಿಂದ ಕೊಯ್ದು ಬಿಡಿಸುತ್ತಾ ಮೇಸ್ತ್ರಿ ಮತ್ತೆ ಬೈದರು. ಅಂಟಿನ ಕೆಲಸದಲ್ಲಿ ಸೋಸೋದು ಗೀಸೋದು ಇಲ್ಲ, ಅಂಟಿಸಿದ ಕೂಡಲೇ ಮೇಲೆ ಭಾರ ಹೇರಿಬಿಡಬೇಕು, ಕದಲಬಾರದು ಅಂದರು. ಹಾಲೇಶ ಹೂಂ ಅಂದ.

ವಾರದ ಮೇಲೆ ರೆಕ್ಕೆಗೆ ಹೊದಿಕೆ ಹಾಕಿದರು. ಹೊದಿಕೆ ಅಂದರೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಹಾಳೆ. ಹಿಂದುಗಡೆ ಅಂಟು ಇರುತ್ತೆ, ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಬಿಗಿದು ತಮಟೆಯ ಚರ್ಮದ ಹಾಗೆ ಕೂರುತ್ತೆ. ಒಳಗಿರುವುದು ಬಾಲ್ಸಾ ಮರದ ತೆಳು ಪಟ್ಟಿಗಳು, ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ಶುಕ್ರವಾರ, ನಮಾಜಿನ ಹೊತ್ತು. ರೆಕ್ಕೆಯನ್ನು ನೋಡಿಕೊಂಡಿರು ಅಂತ ಹೇಳಿ ಮೇಸ್ತ್ರಿ ಮಸೀದಿಗೆ ಹೋದರು. ಹಾಲೇಶ ನೋಡಿಕೊಂಡ. ಇದು ಅಂಟಿಸಿದ್ದು ಅಂತ ನೆನಪಾಯಿತು. ಭಾರ ಹೇರಿಲ್ಲವಲ್ಲ ಅಂತ ಗಾಬರಿಯಾಯಿತು. ಪಕ್ಕದ ಮನೆಯ ಹಿತ್ತಿಲಲ್ಲಿದ್ದ ರುಬ್ಬುಗುಂಡನ್ನು ಎತ್ತಿಕೊಂಡು ಬಂದು ರೆಕ್ಕೆಯ ನಡುಮಧ್ಯಕ್ಕೆ ಮಗುವನ್ನು ಮಲಗಿಸಿದ ಹಾಗೆ ಇಟ್ಟ. ಚಟಚಟ ಅಂತ ಸದ್ದಾಯಿತು. ಅಂಟು ಹಿಡೀತಾ ಐತೆ ಅಂದುಕೊಂಡ.

ಮೇಸ್ತ್ರಿ ಬಂದು ನೋಡಿದರು. ಬೈಯಲಿಲ್ಲ, ಸ್ಟೂಲಿನ ಮೇಲೆ ಕೂತರು. ಆಮೇಲೆ ಭಟ್ಟಿಗೆ ಹೇಳಿಕಳಿಸಿದರು. ಹನುಮವ್ವ ಸೆರಗಿನಲ್ಲಿ ಮುಖದ ಬೆವರು ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲೇ ನಿಂತಳು. ಇಂಥ ಕರೆ ಅವಳಿಗೆ ಹೊಸದಲ್ಲ.

"ಕರ್ಕೊಂಡ್ ಹೋಗ್ಲಾ ಸಾಹೇಬ್ರೆ?" ಅಂದಳು.

ಮೇಸ್ತ್ರಿ ಮುರಿದ ಪಟ್ಟಿಯೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಹದಿನೈದು ದಿನದಾಗೆ ರಿಪೇರಿ ಆಗ್ತೈತೆ ತಂಗಿ. ಆಮ್ಯಾಕೆ ಭಾನುವಾರ ಇದನ್ನ ಬಯಲಿಗೆ ಒಯ್ತೀನಿ. ಹಾರಿ, ಇಳಿದು, ಇಡಿಯಾಗಿ ನನ್ನ ಕೈಗೆ ವಾಪಸ್ ಬಂದ್ರೆ ನಿನ್ನ ಮಗ ನಾನಿರೋತನಕ ಇಲ್ಲೇ. ಮುರಿದು ಬಂದ್ರೆ ನೀನು ಕರ್ಕೊಂಡ್ ಹೋಗು. ನನಗೂ ವಯಸ್ಸಾತು, ಇನ್ನೊಂದು ಕಟ್ಟೋ ಶಕ್ತಿ ಇಲ್ಲ."

ಆಮೇಲೆ ಹಾಲೇಶನ ಕಡೆ ತಿರುಗಿ, ವಿಮಾನಕ್ಕೆ ಭಾರವೇ ಶತ್ರು, ಇದರ ಮೇಲಾಗಲಿ ಒಳಗಾಗಲಿ ಬರೀ ಭಾರ ಎಲ್ಲಿ ಕಂಡರೂ ತೆಗೆದು ಬಿಸಾಕು ಅಂತ ಹೇಳಿದರು. ಹಾಲೇಶ ಹೂಂ ಅಂದ. ಆ ಹೂಂ ಕೇಳಿಯೇ ಹನುಮವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ರಿಪೇರಿ ಮುಗಿಯಿತು. ಶನಿವಾರ ಮೇಸ್ತ್ರಿ ಕೊನೆಯ ಪರೀಕ್ಷೆಗೆ ನಿಂತರು. ವಿಮಾನದ ತೂಕ ಸರಿಯಾಗಿದೆಯೋ ಇಲ್ಲವೋ ತಿಳಿಯಲು ಒಂದು ಉಪಾಯವಿದೆ. ರೆಕ್ಕೆಯ ಕೆಳಗೆ, ಮುಂದಿನ ಅಂಚಿನಿಂದ ಸ್ವಲ್ಪ ಹಿಂದೆ, ಆ ಕಡೆ ಒಬ್ಬರು ಈ ಕಡೆ ಒಬ್ಬರು ಬೆರಳಿಟ್ಟು ಎತ್ತಬೇಕು. ಮೂಗು ತುಸು ಬಾಗಿದರೆ ಕ್ಷೇಮ. ಬಾಲ ಬಾಗಿತೋ, ಮೇಲೆ ಹೋದದ್ದು ತಲೆಕೆಳಗಾಗಿ ಬೀಳುತ್ತೆ. ಎತ್ತಿದರು. ಬಾಲ ದೊಪ್ಪನೆ ಕೆಳಗೆ ಹೋಯಿತು. ಮೇಸ್ತ್ರಿ ಮೂಗಿನ ಮುಚ್ಚಳ ತೆಗೆದು ನೋಡಿದರೆ, ಮೂಗಿನ ತೂಕಕ್ಕೆಂದು ತಾವೇ ಅಳೆದು ಸುರಿದು ಕೂರಿಸಿದ್ದ ಸೀಸದ ಗಟ್ಟಿ ಇಲ್ಲ.

ಹಾಲೇಶ ಖುಷಿಯಿಂದ ಹೇಳಿದ, ಒಳಗೆ ಏನೂ ಕೆಲಸ ಮಾಡದೆ ಸುಮ್ಮನೆ ಕೂತಿದ್ದ ಭಾರ ಅದೊಂದೇ, ಹುಡುಕಿ ತೆಗೆದು ಹೊಳೆಯಲ್ಲಿ ಮೀನು ಹಿಡಿಯುವ ಬಲೆಯವರಿಗೆ, ಬಲೆಗೆ ಕಟ್ಟಿಕೊಳ್ಳಲಿ ಅಂತ ಕೊಟ್ಟೆ ಅಂತ. ಮೇಸ್ತ್ರಿ ಹೊಳೆಗೆ ಓಡಿದರು. ಅರವತ್ತೆಂಟರ ಮನುಷ್ಯ ಓಡಿದ್ದನ್ನು ಊರು ನೋಡಿತು. ಬಲೆಯವರ ಕೈಕಾಲು ಹಿಡಿದು ಸೀಸ ವಾಪಸ್ಸು ತಂದು, ಮತ್ತೆ ಕೂರಿಸಿ, ಮತ್ತೆ ತೂಗಿದರು. ಆಮೇಲೆ ಬೆವರು ಒರೆಸಿಕೊಂಡು ಹೇಳಿದರು: ನಾಳೆ ನೀನು ಏನನ್ನೂ ತೆಗೆಯಬೇಡ, ಇಡಬೇಡ, ಸೋಸಬೇಡ. ನಿನಗೆ ಒಂದೇ ಕೆಲಸ. ಬಾಲ ಹಿಡಿದು ಕೂರು. ಎಂಜಿನ್ ಎಷ್ಟು ಎಳೆದರೂ, ಬಿಡು ಅನ್ನೋ ಮಾತು ನನ್ನ ಬಾಯಿಂದ ಬಂದು ನಿನ್ನ ಕಿವಿಗೆ ಬೀಳುವವರೆಗೂ ಬಿಡಬೇಡ.

ಹಾಲೇಶ ಹೂಂ ಅಂದ.

ಭಾನುವಾರ ಬೆಳಿಗ್ಗೆ ಊರಾಚೆಯ ಬಯಲು. ಭತ್ತ ಕೊಯ್ದು ಒಣಗಿದ ನೆಲ. ಸುದ್ದಿ ಕೇಳಿ ಮೂವತ್ತು ನಲವತ್ತು ಜನ ಸೇರಿದ್ದರು. ಹನುಮವ್ವ ಒಂದು ಪಕ್ಕದಲ್ಲಿ, ಮಡಿಲಲ್ಲಿ ಮಂಡಕ್ಕಿ ಕಟ್ಟಿಕೊಂಡು, ಒಂದು ಕಾಳೂ ಬಾಯಿಗೆ ಹಾಕದೆ ನಿಂತಿದ್ದಳು. ಮೇಸ್ತ್ರಿ ಫ್ಯಾನು ತಿರುಗಿಸಿದರು. ಎಂಜಿನ್ ಹತ್ತಿಕೊಂಡಿತು. ಏನು ಆರ್ಭಟ ಅಂತೀರಿ! ಕಾಗೆಗಳೆಲ್ಲ ಎದ್ದು ಹೋದವು. ಹಾಲೇಶ ಹಿಂದೆ ಮಂಡಿಯೂರಿ ಬಾಲ ಹಿಡಿದಿದ್ದ. ಮೇಸ್ತ್ರಿ ದೂರ ನಿಂತು ಪೆಟ್ಟಿಗೆಯ ಕಡ್ಡಿ ಪೂರ್ತಿ ಒತ್ತಿ, ಬಿಡು ಅಂದರು. ಹಾಲೇಶ ಬಿಡಲಿಲ್ಲ. ಬಿಡೋ ಅಂತ ಕೂಗಿದರು. ಬಿಡಲಿಲ್ಲ. ವಿಮಾನ ಮುಂದಕ್ಕೆ ಜಗ್ಗಿತು, ಹಾಲೇಶ ಅಂಗಾತ ಅಲ್ಲ, ಬೋರಲು ಬಿದ್ದ. ಬಿದ್ದವನು ಬಾಲ ಬಿಟ್ಟನೇ? ಹೊಟ್ಟೆಯ ಮೇಲೆ ಇಪ್ಪತ್ತು ಮಾರು ಉಳುಮೆ ಮಾಡಿಕೊಂಡು ಹೋದ. ಮೇಸ್ತ್ರಿ ಎಂಜಿನ್ ಆರಿಸಿ ಓಡಿ ಬಂದರು. ಅವನ ಅಂಗಿಯ ಮುಂಭಾಗ ಪೂರ್ತಿ ಹೋಗಿತ್ತು, ಬಾಲಕ್ಕೆ ಮಾತ್ರ ಒಂದು ಗೀರೂ ಇರಲಿಲ್ಲ.

"ನಿಮ್ಮ ಬಾಯಿ ಆಡ್ತು ಸಾಹೇಬ್ರೆ," ಅಂದ ಹಾಲೇಶ, ಮಣ್ಣು ಉಗುಳುತ್ತಾ. "ಮಾತು ಬರ್ಲಿಲ್ಲ."

ಜನ ನಕ್ಕರು. ಮೇಸ್ತ್ರಿ ನಗಲಿಲ್ಲ, ಯಾಕೆಂದರೆ ಅವನು ಹೇಳಿದ್ದು ನಿಜ. ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ ಅಂತ ನಲವತ್ತು ವರ್ಷ ಮಷಿನ್ ಮುಂದೆ ನಿಂತವರಿಗೆ ಹೊಳೆಯಬೇಕಿತ್ತು.

"ಮಾತು ಬಿಡು," ಅಂದರು. "ನನ್ನ ಕೈ ನೋಡ್ತಾ ಇರು. ಕೈ ಮೇಲಕ್ಕೆತ್ತಿದ್ನೋ, ಕೈಯಾಗೆ ಏನೇ ಇರ್ಲಿ, ಹಿಂದೆ ಮುಂದೆ ನೋಡದಂಗೆ ಬಿಟ್ಟುಬಿಡು."

ಹಾಲೇಶ ಹೂಂ ಅಂದ.

ಮತ್ತೆ ಎಂಜಿನ್, ಮತ್ತೆ ಆರ್ಭಟ. ಮೇಸ್ತ್ರಿ ಕೈ ಎತ್ತಿದರು. ಹಾಲೇಶ ಬಿಟ್ಟ. ವಿಮಾನ ಕುಪ್ಪಳಿಸಿತು, ಓಡಿತು, ಬಾಲ ಎದ್ದಿತು, ಮತ್ತೆ ನೋಡುವಷ್ಟರಲ್ಲಿ ಚಕ್ರದ ಕೆಳಗೆ ಬಯಲಿಲ್ಲ, ಬರೀ ಗಾಳಿ. ನಾನೂ ಅಲ್ಲಿದ್ದೆ. ರುಬ್ಬುಗುಂಡಿನಡಿ ಮುರಿದದ್ದು, ಅಂಟು ಹಾಕಿ ಜೋಡಿಸಿದ್ದು, ಹುಲ್ಲಿನ ಮಷಿನ್ನಿನ ಎಂಜಿನ್ ಕಟ್ಟಿಕೊಂಡದ್ದು, ಅದು ಹೇಗೆ ಮೇಲೆ ನಿಂತಿತು ಅಂತ ಈಗಲೂ ನನಗೆ ಪೂರ್ತಿ ಅರ್ಥವಾಗಿಲ್ಲ. ಎರಡು ಸುತ್ತು ಹಾಕಿತು. ಹೊಳೆಯ ಕಡೆ ಹೋಗಿ ಬಿಸಿಲಿನಲ್ಲಿ ರೆಕ್ಕೆ ಹೊರಳಿಸಿ ಬಂತು. ಮೇಸ್ತ್ರಿಯ ಹೆಬ್ಬೆರಳು ಕಡ್ಡಿಯ ಮೇಲೆ ಕೂದಲೆಳೆಯಷ್ಟು ಆಡಿದರೆ ಅಲ್ಲಿ ಮೇಲೆ ವಿಮಾನ ಹೊರಳುತ್ತಿತ್ತು. ಹಾಲೇಶ ಬಾಯಿ ತೆರೆದು ನೋಡುತ್ತಿದ್ದ. ಹನುಮವ್ವ ಮಾತ್ರ ಕಣ್ಣು ಮುಚ್ಚಿದ್ದಳು.

ಇಳಿಸುವುದೇ ಕಷ್ಟ ಅಂತಾರೆ ಬಲ್ಲವರು. ಮೇಸ್ತ್ರಿ ಎಂಜಿನ್ ಸಣ್ಣ ಮಾಡಿ, ಗಾಳಿಗೆ ಎದುರಾಗಿ ತಂದು, ಬಯಲಿನ ಆ ಕೊನೆಯಲ್ಲಿ ನೆಲಕ್ಕೆ ತಾಗಿಸಿದರು. ಒಂದು ಸಲ ಪುಟಿಯಿತು, ಓಡಿತು, ನಿಂತಿತು. ಒಂದು ಪಟ್ಟಿ ಮುರಿದಿಲ್ಲ, ಹೊದಿಕೆ ಹರಿದಿಲ್ಲ. ಜನ ಚಪ್ಪಾಳೆ ತಟ್ಟಿದರು. ಹನುಮವ್ವ ಕಣ್ಣು ಬಿಟ್ಟಳು.

ಹೋಗಿ ತಗೊಂಡು ಬಾ ಅಂತ ಮೇಸ್ತ್ರಿ ಹಾಲೇಶನಿಗೆ ಹೇಳಿದರು. ಅವನು ಓಡಿ ಹೋಗಿ, ವಿಮಾನವನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು, ಹನ್ನೊಂದು ಅಡಿಯ ರೆಕ್ಕೆ ಎಲ್ಲೂ ತಾಗದ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಾ ಬಂದ. ಅವನು ಹತ್ತಿರ ಬಂದ ಹಾಗೆಲ್ಲ ಮೇಸ್ತ್ರಿಯ ಮುಖ ನೋಡಬೇಕಿತ್ತು, ಅಷ್ಟು ಅಳು ಅಷ್ಟು ನಗು ಅದರಲ್ಲಿ. ಇನ್ನು ನಾಲ್ಕು ಹೆಜ್ಜೆ. ಮೇಸ್ತ್ರಿ ರೇಡಿಯೋ ಪೆಟ್ಟಿಗೆ ಕೆಳಗಿಟ್ಟು, ಮುಗಿಲು ನೋಡಿ, ಯಾ ಅಲ್ಲಾ ನಿನ್ನ ದಯೆ ಅಂತ ಎರಡೂ ಕೈ ಮೇಲಕ್ಕೆತ್ತಿದರು.

ಹಾಲೇಶ ಬಿಟ್ಟ.

ಒಂದು ರೆಕ್ಕೆ ಅತ್ತ, ಒಂದು ರೆಕ್ಕೆ ಇತ್ತ, ಮೂಗು ಮಣ್ಣಿನಲ್ಲಿ. ಹನುಮವ್ವನ ಮಡಿಲಿನ ಮಂಡಕ್ಕಿ ನೆಲಕ್ಕೆ ಚೆಲ್ಲಿತು. ಅವಳು ಬಂದು ಮಗನ ರಟ್ಟೆ ಹಿಡಿದಳು, ಮನೆಗೆ ನಡಿ ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಮೇಸ್ತ್ರಿ ಮುರಿದ ರೆಕ್ಕೆಯನ್ನು ನೋಡಿದರು. ಹಾಲೇಶನನ್ನು ನೋಡಿದರು. ಯಾಕೋ ಬಿಟ್ಟೆ ಅಂತ ಮೆಲ್ಲಗೆ ಕೇಳಿದರು.

"ಒಂದು ಕೈ ಎತ್ತಿದ್ರೆ ಬಿಡು ಅಂದಿದ್ರಿ. ಎರಡೂ ಎತ್ತಿದ್ರಲ್ಲ ಸಾಹೇಬ್ರೆ. ಭಾಳ ಅರ್ಜೆಂಟ್ ಇರ್ಬೇಕು ಅನ್ಕಂಡೆ."

ಮೇಸ್ತ್ರಿಯ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಹೆಗಲು, ಆಮೇಲೆ ಗಡ್ಡ. ನಕ್ಕು ನಕ್ಕು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಅವನ ಕೈ ಬಿಡು ತಂಗಿ," ಅಂದರು. "ಹೇಳಿದ್ದು ನಾನು, ಎತ್ತಿದ್ದು ನಾನು. ಕಟ್ಟಿದ ಮಷಿನ್ನು, ಹುಟ್ಟಿದ ಮಕ್ಕಳು, ಯಾರೂ ನನ್ನ ಮಾತು ಇಷ್ಟು ಕೇಳ್ಲಿಲ್ಲ. ಇದನ್ನ ಮತ್ತೆ ಕಟ್ಟಬೇಕು. ನಾಳೆ ಒಂಬತ್ತಕ್ಕೆ ಕಳಿಸು."

ಹನುಮವ್ವ ಅಳುತ್ತಾ ಕೈ ಮುಗಿದಳು. ಹಾಲೇಶ ಆಗಲೇ ಬಗ್ಗಿ, ರೆಕ್ಕೆ, ಪಟ್ಟಿ, ಸೀಸ, ಫ್ಯಾನು, ಒಂದು ಚೂರೂ ಬಿಡದೆ ಆಯ್ದು ತೋಳ ತುಂಬಾ ತುಂಬಿಕೊಂಡು ಎದ್ದು ನಿಂತಿದ್ದ. ಮೇಸ್ತ್ರಿಗೆ ನಗುವಿನಿಂದ ಕಣ್ಣಲ್ಲಿ ನೀರು ಬಂದಿತ್ತು. ಒರೆಸಿಕೊಳ್ಳಲು ಕೈ ಎತ್ತಿದರು.

ಹಾಲೇಶ ಅವನ್ನೂ ಬಿಟ್ಟ.