ಮಾಲೀಕರ ಹೆಬ್ಬೆರಳು ಹೇಳಿದ ಟ್ರೆಂಡ್

ದಾವಣಗೆರೆಯ ಒಂದು ಸೀರೆ ಅಂಗಡಿಯಲ್ಲಿ ಆನ್‌ಲೈನ್ ಜಾಹೀರಾತು ನೋಡಿಕೊಳ್ಳುವ ಗುಮಾಸ್ತನೊಬ್ಬನಿದ್ದ. ಒಂದು ಬೆಳಿಗ್ಗೆ ಮಾಲೀಕ ರುದ್ರಮುನಿಯಪ್ಪನವರು ಅವನನ್ನು ಕರೆದು ಗುಡುಗಿದರು.

"ಮುಂದಿನ ವರ್ಷ ಮೊಬೈಲ್ ಜಾಹೀರಾತಿನಲ್ಲಿ ಯಾವ ಟ್ರೆಂಡ್ ಬರುತ್ತೆ ಅಂತ ಸಂಜೆಯೊಳಗೆ ಹೇಳ್ಬೇಕು ಕಣ್ರೀ. ಇಲ್ದಿದ್ರೆ ನಾಳೆಯಿಂದ ಬರಬೇಡಿ."

ಇದ್ದ ಟ್ರೆಂಡನ್ನೇ ಕೇಳದ ಮನುಷ್ಯ! ಅಂಗಡಿಯ ಜಾಹೀರಾತಿನಲ್ಲಿ ಮೊದಲ ಅರ್ಧ ನಿಮಿಷ ಯಾರೋ ಹೆಂಗಸು ದೀಪ ಬೆಳಗುತ್ತಾಳೆ. ಆಮೇಲೆ ಇವರ ಭಾಷಣ. ಸೀರೆ ಕೊನೆಗೆ. ಭಾಷಣದ ಭಾಗವನ್ನಷ್ಟೇ ಇವರು ದಿನಾ ನೋಡುತ್ತಿದ್ದರು. ದೀಪ, ಭಾಷಣ ಕತ್ತರಿಸಿ ಸೀರೆಯನ್ನೇ ಮೊದಲು ತೋರಿಸೋಣ ಎಂದು ಗುಮಾಸ್ತ ಹತ್ತು ಸಲ ಬೇಡಿ ಸೋತಿದ್ದ.

ಮಧ್ಯಾಹ್ನ ಅವನು ಆ ಜಾಹೀರಾತು ಅಂಗಡಿಯ ಬೀದಿಯಲ್ಲಿರುವ ಮೊಬೈಲುಗಳಿಗೇ ಬರುವಂತೆ ಹೊಂದಿಸಿದ. ಸಂಜೆ ಬರಿಗೈಯಲ್ಲಿ ಹೋಗಿ ನಿಂತ.

"ಸರ್, ಮೊದಲು ನಿಮ್ಮ ಮೊಬೈಲಿನಲ್ಲಿ ಒಂದು ಹಳೇ ಹಾಡು ಹಾಕಿ."

ಹಾಡಿಗೆ ಮುಂಚೆ ದೀಪ ಬೆಳಗುವ ಹೆಂಗಸು ಬಂದಳು. ಐದನೇ ಸೆಕೆಂಡಿಗೆ ಮಾಲೀಕರ ಹೆಬ್ಬೆರಳು 'ಸ್ಕಿಪ್' ಒತ್ತಿತು.

"ಯಾರ ಜಾಹೀರಾತು ಸರ್ ಅದು?"

"ಯಾವನದ್ದೋ! ದೀಪ ಹಚ್ಚೋದನ್ನ ನೋಡ್ತಾ ಕೂರೋಕೆ ಯಾರಿಗ್ರೀ ಪುರುಸೊತ್ತು?"

"ನಮ್ಮದೇ ಸರ್. ಮುಂದಿನ ವರ್ಷದ ಟ್ರೆಂಡೂ ಅದೇ: ಐದು ಸೆಕೆಂಡಿನೊಳಗೆ ಸೀರೆ ಕಾಣದಿದ್ದರೆ ಸ್ಕಿಪ್. ಹೇಳಿದ್ದು ನಾನಲ್ಲ, ತಾವು."

ಮಾಲೀಕರು ಹಾಡು ನಿಲ್ಲಿಸಿ ಮೊಬೈಲನ್ನು ಮೇಜಿನ ಮೇಲಿಟ್ಟರು.

"ಸರಿ, ಕೆಲಸದಲ್ಲಿರಿ" ಎಂದರು. "ಆ ದೀಪ ತೆಗೆದುಬಿಡಿ. ಮೊದಲನೇ ಸೆಕೆಂಡಿಗೇ ನನ್ನ ಭಾಷಣ ಶುರುವಾಗಲಿ!"