ಪರೀಕ್ಷೆ ಪಾಸಾದ ಸೂರು

ಎರ್ರಿಸ್ವಾಮಿ ಮೇಷ್ಟ್ರು ವಿಶ್ವವಿದ್ಯಾಲಯದಲ್ಲಿ ಕಟ್ಟಡ ವಿನ್ಯಾಸ ಕಲಿಸುತ್ತಿದ್ದರು. ಮೂವತ್ತು ವರ್ಷ ಕಲಿಸಿದ್ದರು. ತಮ್ಮ ಶಿಷ್ಯರು ಕಟ್ಟಿದ ಯಾವ ಮನೆಯ ಗೃಹಪ್ರವೇಶಕ್ಕೂ ಹೋಗುತ್ತಿರಲಿಲ್ಲ. ಯಾಕೆಂದು ಕೇಳಿದರೆ, ಹೊರಗಿನ ಊಟ ಒಗ್ಗುವುದಿಲ್ಲ ಎನ್ನುತ್ತಿದ್ದರು.

ಕೊನೆಯ ವರ್ಷದವರು ಕಾಗದದ ಮೇಲೆ ಬರೆದದ್ದನ್ನು ಒಮ್ಮೆಯಾದರೂ ನೆಲದ ಮೇಲೆ ಕಟ್ಟಬೇಕು ಎಂಬುದು ಅವರ ನಿಯಮ. ಆ ವರ್ಷ ದೊಡ್ಡಬಸವ ಎಂಬ ವಿದ್ಯಾರ್ಥಿಯ ನಕ್ಷೆ ಆಯ್ಕೆಯಾಯಿತು. ಮುಖ್ಯದ್ವಾರದ ಬಳಿ ಒಂದು ಬಸ್ ತಂಗುದಾಣ. ನಾಲ್ಕು ಕಂಬ, ಒಂದು ಕಲ್ಲುಬೆಂಚು, ಮೇಲೆ ಕಾಂಕ್ರೀಟಿನ ಸೂರು.

ಸೂರು ಹಾಕಿದ ದಿನ ಅದೇ ಕಾಂಕ್ರೀಟನ್ನು ಮೂರು ಅಚ್ಚುಗಳಿಗೂ ತುಂಬಿ, ಕ್ಯೂಬು ಮಾಡಿಡಬೇಕು. ಇಪ್ಪತ್ತೆಂಟು ದಿನ ಕಳೆದ ಮೇಲೆ ಅವನ್ನು ಯಂತ್ರಕ್ಕೆ ಕೊಟ್ಟು ಒಡೆಯಬೇಕು. ಕ್ಯೂಬು ಎಷ್ಟು ತಡೆಯಿತೋ ಸೂರೂ ಅಷ್ಟು ತಡೆಯುತ್ತದೆ ಎಂದು ನಂಬಿಕೆ. ವರದಿ ಬರುವ ತನಕ ಸೂರಿಗೆ ಆಸರೆ ಕೊಟ್ಟ ಸರ್ವೆ ಮರದ ಕೋಲುಗಳನ್ನು ಮೇಷ್ಟ್ರು ಮುಟ್ಟಗೊಡುತ್ತಿರಲಿಲ್ಲ.

ದೊಡ್ಡಬಸವ ವರದಿ ತಂದ.

"ಕ್ಯೂಬಿನ ಬಲ ಇಪ್ಪತ್ತು ಬಂದಿದ್ರೆ ಸಾಕಿತ್ತು ಸರ್. ಮೂವತ್ತೊಂಬತ್ತು ಬಂದಿದೆ."

ಮೇಷ್ಟ್ರು ಕನ್ನಡಕ ಹಾಕಿಕೊಂಡು ಓದಿದರು. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು.

"ಚೆನ್ನಾಗಿದೆ."

"ಥ್ಯಾಂಕ್ಸ್ ಸರ್."

"ನಾನು ಕಲಿಸಿದ್ದಕ್ಕಿಂತ ಚೆನ್ನಾಗಿದೆ. ಅದೇ ಯೋಚನೆ. ನಡಿ, ಕೋಲು ತೆಗೆಸೋಣ."

ತಂಗುದಾಣದ ಹತ್ತಿರ ಮೇಸ್ತ್ರಿ ಕಾಯುತ್ತಿದ್ದ.

"ಬಸವಾ, ಒಳಗೆ ಹೋಗಿ ನಿಂತ್ಕೋ" ಎಂದರು ಮೇಷ್ಟ್ರು.

"ಎಲ್ಲಿ ಸರ್?"

"ಸೂರಿನ ಕೆಳಗೆ. ಕೋಲು ತೆಗೆಯೋವಾಗ ನಕ್ಷೆ ಬರೆದವನು ಅಲ್ಲಿರಬೇಕು."

ಮೇಸ್ತ್ರಿಗೆ ನಗು ಬಂತು. "ಹೋಗ್ರಿ ಸಾರ್, ಮೂವತ್ತೊಂಬತ್ತು ಬಂದೈತಂತಲ್ಲ! ನಾವು ಹಗ್ಗ ಕಟ್ಟಿ ಹೊರಗಿಂದ ಎಳೀತೀವಿ. ನಾವೇನು ನಿಮ್ಮಷ್ಟು ಓದಿಲ್ಲ."

ದೊಡ್ಡಬಸವ ಒಂದು ಹೆಜ್ಜೆ ಇಟ್ಟ. ನಿಂತ. ಮೇಲೆ ನೋಡಿದ. ಆ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ.

"ಸರ್, ಒಂದು ಮಾತು."

"ಹೇಳು."

"ಆ ಕ್ಯೂಬಿಗೆ ಹಾಕಿದ ಮಾಲು ಬೇರೆ."

ಮೇಸ್ತ್ರಿಗೆ ತಟ್ಟನೆ ಹಗ್ಗದ ಗಂಟು ಬಿಚ್ಚುವ ಕೆಲಸ ನೆನಪಾಯಿತು.

ಸೂರು ಹಾಕಿದ ದಿನ ಬಿಸಿಲು ಜೋರಾಗಿತ್ತು. ಮಾಲು ಗಟ್ಟಿಯಾಗಿ ಸಲಿಕೆಗೆ ಬಗ್ಗುತ್ತಿರಲಿಲ್ಲ. ಹುಡುಗರ ಕೈ ಸೋತಿತ್ತು. ಬಕೆಟ್ಟುಗಟ್ಟಲೆ ನೀರು ಸುರಿದರು. ಕಾಂಕ್ರೀಟು ಅಂಬಲಿಯಾಗಿ ತಾನೇ ಹರಿದು ಮೂಲೆ ಸೇರಿತು. ಕೆಲಸ ಬೇಗ ಮುಗಿಯಿತು. ಆಮೇಲೆ ಮೇಸ್ತ್ರಿ ಒಂದು ಬಾಂಡ್ಲಿಯಲ್ಲಿ ಸಿಮೆಂಟು ಎರಡರಷ್ಟು ಹಾಕಿ, ಬೇರೆಯೇ ಮಾಲು ಕಲಸಿ, ಕ್ಯೂಬಿನ ಅಚ್ಚು ತುಂಬಿದ. ಪರೀಕ್ಷೆಗೆ ಹೋಗೋದಲ್ವಾ, ಒಳ್ಳೇದೇ ಕಳಿಸೋಣ ಎಂದಿದ್ದ. ದೊಡ್ಡಬಸವ ತಲೆಯಾಡಿಸಿದ್ದ.

"ಎಲ್ಲಾ ಕಡೆ ಹೀಗೇ ಮಾಡ್ತಾರಂತೆ ಸರ್."

"ಹೌದು."

"ಎಲ್ಲೂ ಬಿದ್ದಿಲ್ಲವಂತೆ."

"ಬಿದ್ದ ಕಡೆ ಕೆಳಗಿದ್ದವರು ಬಂದು ಹೇಳೋದಿಲ್ಲ, ಬಸವಾ."

ದೊಡ್ಡಬಸವ ಮತ್ತೊಮ್ಮೆ ಸೂರಿನತ್ತ ನೋಡಿದ.

"ಈಗ ಏನು ಮಾಡಲಿ ಸರ್?"

"ನನಗೆ ಹೇಳಿದ್ದನ್ನು ಬರೆದು ಕಚೇರಿಗೆ ಕೊಡು."

"ಈ ನಕ್ಷೆಗೆ ಬರೋ ಚಿನ್ನದ ಪದಕ ಹೋಗುತ್ತೆ."

"ಹೋಗುತ್ತೆ."

ಅವನು ಬರೆದ. ಕ್ಯೂಬುಗಳು ಸುಳ್ಳು, ಕೋಲು ತೆಗೆಯಬೇಡಿ, ಸೂರಿನ ಮೇಲೆ ಮರಳಿನ ಚೀಲ ಹೇರಿ ಪರೀಕ್ಷಿಸಿ, ತಡೆಯದಿದ್ದರೆ ಒಡೆಸಿ, ತಪ್ಪು ನನ್ನದು. ಕೆಳಗೆ ಸಹಿ ಹಾಕಿದ. ಅದರ ಕೆಳಗೆ ಮೇಷ್ಟ್ರೂ ಸಹಿ ಹಾಕಿದರು.

ಒಂಬತ್ತನೇ ದಿನ ಕಚೇರಿಯಿಂದ ಉತ್ತರ ಬಂತು.

ತಂಗುದಾಣದ ಕಾಂಕ್ರೀಟು ಪರೀಕ್ಷೆಯಲ್ಲಿ ಪಾಸಾಗಿದೆ. ಪಾಸಾದದ್ದನ್ನು ಮತ್ತೆ ಪರೀಕ್ಷಿಸಲು ನಿಯಮಾವಳಿಯಲ್ಲಿ ಅವಕಾಶವಿಲ್ಲ. ಉದ್ಘಾಟನೆಯ ಫಲಕವನ್ನು ಈಗಾಗಲೇ ಕೆತ್ತಿಸಲಾಗಿದೆ. ವಿದ್ಯಾರ್ಥಿಯ ಪ್ರಾಮಾಣಿಕತೆ ಶ್ಲಾಘನೀಯ. ಪತ್ರವನ್ನು ಕಡತಕ್ಕೆ ಸೇರಿಸಲಾಗಿದೆ.

ಪದಕವೂ ಉಳಿಯಿತು.

ಮೇಷ್ಟ್ರನ್ನು ಕೇಳದೆಯೇ ಕೋಲು ತೆಗೆದರು. ಉದ್ಘಾಟನೆಗೆ ಬಂದವರು ಸೂರಿನ ಕೆಳಗೆ ಮೂರು ನಿಮಿಷ ನಿಂತು, ವಿಶ್ವವಿದ್ಯಾಲಯದ ಗಟ್ಟಿ ತಳಹದಿಯ ಬಗ್ಗೆ ಮಾತಾಡಿ, ಕಾರು ಹತ್ತಿದರು. ಸೂರು ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ವಾರದ ಕೊನೆಗೆ ಮೂಲೆಯ ಕಂಬದ ನೆತ್ತಿಯಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು. ಅದರ ಮೇಲೆ ಬಣ್ಣ ಬಳಿದರು.

ದೊಡ್ಡಬಸವ ಮೇಷ್ಟ್ರ ಕೋಣೆಗೆ ಬಂದ. ಎಷ್ಟೋ ದಿನಗಳ ಮೇಲೆ ಅವನ ಮುಖ ಸ್ವಲ್ಪ ತಿಳಿಯಾಗಿತ್ತು.

"ನಮ್ಮ ಕೆಲಸ ನಾವು ಮಾಡಿದ್ವಿ ಅಲ್ವಾ ಸರ್?"

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬರೆದು ಕೊಟ್ಟಿದೀನಿ. ಸಹಿ ಇದೆ, ತಾರೀಖು ಇದೆ, ಕಚೇರಿಯ ಸೀಲೂ ಬಿದ್ದಿದೆ. ನಾಳೆ ಏನಾದ್ರೂ ಆದ್ರೆ ನಮ್ಮನ್ನ ಯಾರೂ ಕೇಳೋ ಹಾಗಿಲ್ಲ."

ಮೇಷ್ಟ್ರು ಎದ್ದು ಹೊರಗೆ ನಡೆದರು. ಅವನೂ ಹಿಂದೆ ಹೋದ. ಇಬ್ಬರೂ ಮುಖ್ಯದ್ವಾರದ ಬಳಿ ಬಂದರು.

ಮಧ್ಯಾಹ್ನದ ಬಿಸಿಲು. ತಂಗುದಾಣದಲ್ಲಿ ಪೇರಲೆ ಹಣ್ಣು ಮಾರುವ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಬೆಂಚಿನ ಮೇಲೆ ಕೂತಿದ್ದಳು. ಹೊಸ ನೆಲ ಕೊಳೆಯಾಗಬಾರದೆಂದು ಚಪ್ಪಲಿಯನ್ನು ಹೊರಗೆ ಬಿಸಿಲಿಗೆ ಬಿಟ್ಟಿದ್ದಳು.

ಇವರನ್ನು ಕಂಡು ಸೆರಗಿನಿಂದ ಬೆಂಚು ಒರೆಸಿ, ಆಚೆ ಸರಿದಳು.

"ಬರ್ರಿ ಸಾರ್, ಬಿಸಿಲಾಗ ಯಾಕ ನಿಂತೀರಿ? ಜಾಗ ಬೇಕಾದಷ್ಟೈತಿ. ಯಾರು ಕಟ್ಟಿಸ್ಯಾರೋ, ಪುಣ್ಯಾತ್ಮರು. ಎಷ್ಟು ತಂಪೈತಿ ನೋಡ್ರಿ."

ಇಬ್ಬರೂ ಬಿಸಿಲಲ್ಲೇ ನಿಂತರು.

"ಬಸವಾ, ಆ ಪತ್ರದ ನಕಲು ನಿನ್ನ ಹತ್ತಿರ ಇದೆಯಾ?"

"ಎರಡಿವೆ ಸರ್."

"ಒಂದನ್ನು ಆ ಅಮ್ಮನಿಗೆ ಕೊಟ್ಟು ಬಾ."