ಬೆಲ್ಲದ ಹೌದು

"ಗುರುಗಳೇ, ವಯಸ್ಸಿಗೆ ತಕ್ಕ ಬುದ್ಧಿ ಬೆಳೆಯದವರಿಗೆ ಮೊದಲು ಕಲಿಸಬೇಕಾದದ್ದು ಏನು? ವಿಧೇಯತೆ ತಾನೇ?"

ಹೀಗೆ ಕೇಳಿದವನು ಹನ್ನೆರಡು ವರ್ಷ ಗುರುಗಳ ಬಳಿಯಲ್ಲೇ ಇದ್ದ ಶಿಷ್ಯ. ಬುದ್ಧಿ ಬೆಳೆಯದವರ ಮೇಲೆ ಅಪರಾಧದ ಆರೋಪ ಬಂದಾಗ, ವಿಚಾರಣೆ ಮುಗಿಯುವವರೆಗೆ ಅವರನ್ನು ಇರಿಸುವ ಮನೆಯೊಂದಿತ್ತು. ಆ ಮನೆಗೆ ಅವನು ಮೇಲ್ವಿಚಾರಕನಾಗಿ ಹೊರಟಿದ್ದ. ಮರುದಿನವೇ ಪ್ರಯಾಣ. ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಕೂತುಕೋ ಎಂದು ಹೇಳಿ ಕತೆ ಶುರುಮಾಡಿದರು.

ಒಂದು ಪಟ್ಟಣದಲ್ಲಿ ಅಂಥದೇ ಒಂದು ಮನೆಯಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಮೇಲ್ವಿಚಾರಕ ಕೆಟ್ಟವನೇನಲ್ಲ. ಯಾರ ಮೇಲೂ ಕೈ ಮಾಡಿದವನಲ್ಲ. ಬೇರೆಯವರು ಬೆತ್ತ ಹಿಡಿಯುವ ಕಡೆ ಬೆಲ್ಲ ಹಿಡಿದಿದ್ದ, ಅಷ್ಟೇ. ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಏನಾದರೊಂದು ಕೇಳುವನು. ಕೈಮುಗಿದು 'ಹೌದು ಸ್ವಾಮಿ' ಎಂದವರ ಅಂಗೈಗೆ ಒಂದು ಚೂರು ಬೆಲ್ಲ. ಬೇರೇನಾದರೂ ಅಂದವರಿಗೆ ಏನೂ ಇಲ್ಲ. ಮೇಲಧಿಕಾರಿ ತಪಾಸಣೆಗೆ ಬಂದು ಊಟ ಸರಿಯಿದೆಯೇ, ಹಾಸಿಗೆ ಸರಿಯಿದೆಯೇ ಎಂದು ಕೇಳಿದರೆ ಸಾಲಿಗೆ ಸಾಲೇ 'ಹೌದು ಸ್ವಾಮಿ' ಎನ್ನುತ್ತಿತ್ತು. ಇಂಥ ಶಿಸ್ತು ಎಲ್ಲೂ ಕಂಡಿಲ್ಲ ಎಂದು ಅಧಿಕಾರಿ ಬೆನ್ನು ತಟ್ಟಿ ಹೋಗುತ್ತಿದ್ದ. ಮೇಲ್ವಿಚಾರಕ ವಾರಗಟ್ಟಲೆ ಉಬ್ಬಿಕೊಂಡು ತಿರುಗುತ್ತಿದ್ದ.

ಆ ಮನೆಗೆ ಗೂಳಯ್ಯ ಎಂಬವನನ್ನು ಕರೆತಂದರು. ನಲವತ್ತು ದಾಟಿದ ಆಳು, ಮಾತು ಮಾತ್ರ ಮೂರು ವರ್ಷದ ಮಗುವಿನದು. ಒಬ್ಬ ವರ್ತಕನ ಹುಲ್ಲಿನ ಬಣವೆ ಸುಟ್ಟುಹೋಗಿತ್ತು. ಜನ ಓಡಿಬಂದಾಗ ಅದರ ಪಕ್ಕದಲ್ಲಿ ಮೈಯೆಲ್ಲ ಮಸಿಯಾಗಿ ನಿಂತಿದ್ದವನು ಇವನೊಬ್ಬನೇ. ಮನೆಗೆ ಬಂದ ದಿನದಿಂದ 'ನೀರು, ನೀರು' ಎನ್ನುವುದೊಂದೇ ಅವನ ಮಾತು. ಮೇಲ್ವಿಚಾರಕ ಚೊಂಬು ತುಂಬಿಸಿ ಕೊಟ್ಟ. ಗೂಳಯ್ಯ ಕುಡಿಯದೆ ಅದನ್ನು ಅಂಗಳಕ್ಕೆ ಎರಚಿದ. ಮತ್ತೆ ಕೊಟ್ಟ, ಮತ್ತೆ ಎರಚಿದ. ಒಳ್ಳೇ ಪೀಕಲಾಟವಾಯಿತಲ್ಲ ಎಂದುಕೊಂಡು ಮೇಲ್ವಿಚಾರಕ ಬೆಲ್ಲದ ಡಬ್ಬಿ ತೆಗೆದ. ಒಂದೆರಡು ತಿಂಗಳಲ್ಲಿ ನೀರಿನ ಮಾತು ನಿಂತಿತು. ಗೂಳಯ್ಯನೂ ಸಾಲಿನಲ್ಲಿ ನಿಂತು ಕೈಮುಗಿಯತೊಡಗಿದ.

ವಿಚಾರಣೆಯ ದಿನ ಬಂತು. "ಬಣವೆಗೆ ಬೆಂಕಿ ಇಟ್ಟವನು ನೀನೇ ಏನು?" ಎಂದು ನ್ಯಾಯಾಧಿಕಾರಿ ಕೇಳಿದ.

"ಹೌದು ಸ್ವಾಮಿ," ಎಂದ ಗೂಳಯ್ಯ. ಎಂದವನೇ ಮೇಲ್ವಿಚಾರಕನ ಕಡೆ ತಿರುಗಿ ಅಂಗೈ ಚಾಚಿದ.

ನೆರೆದವರು ಆ ಕೈ ನೋಡಿ ನಕ್ಕರು. ಅದು ಏನು ಕೇಳುತ್ತಿದೆ ಎಂದು ಮೇಲ್ವಿಚಾರಕನೊಬ್ಬನಿಗೇ ಗೊತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು. ನ್ಯಾಯಾಧಿಕಾರಿ ಆಗಲೇ ತೀರ್ಪು ಬರೆಯಲು ಲೇಖನಿ ಎತ್ತಿದ್ದ.

"ಬರೆಯಬೇಡಿ ಸ್ವಾಮಿ. ಅದು ಅವನ ಮಾತಲ್ಲ. ನಾನು ಬೆಲ್ಲ ತಿನ್ನಿಸಿ ಬಾಯಿಪಾಠ ಮಾಡಿಸಿದ ಮಾತು. ನಿಮ್ಮ ಮನೆಗೆ ಬೆಂಕಿ ಇಟ್ಟೆಯಾ ಅಂತಲೂ ಬೇಕಾದರೆ ಕೇಳಿ ನೋಡಿ," ಎಂದ ಮೇಲ್ವಿಚಾರಕ.

ನ್ಯಾಯಾಧಿಕಾರಿ ಕೇಳಿದ. ಗೂಳಯ್ಯ ಅದಕ್ಕೂ ಹೌದೆಂದು ಇನ್ನೊಂದು ಅಂಗೈಯನ್ನೂ ಚಾಚಿದ. ನ್ಯಾಯಾಧಿಕಾರಿ ಲೇಖನಿ ಕೆಳಗಿಟ್ಟು, ಹಾಗಾದರೆ ಇವನಿಗೆ ಶಿಕ್ಷೆ ಬೇಡ, ಉತ್ತರ ಹೇಳುವಷ್ಟು ತಿಳಿವಳಿಕೆ ಬರುವವರೆಗೆ ನಿಮ್ಮ ಮನೆಯಲ್ಲೇ ಇರಲಿ ಎಂದ.

ಕೇಳಿದವರೆಲ್ಲ ಎಂಥ ಕರುಣೆ ಎಂದರು. ಕರುಣೆಯಂತೆ ಕರುಣೆ! ಆ ಮನೆಯಲ್ಲಿ ಒಬ್ಬ ಮುದುಕಿಯಿದ್ದಳು. ಯಾರದೋ ಬಳ್ಳಿಯಿಂದ ಒಂದು ಕುಂಬಳಕಾಯಿ ಕಿತ್ತಿದ್ದಳು. ಅವಳನ್ನೂ ತಿಳಿವಳಿಕೆ ಬರುವವರೆಗೆ ಎಂದೇ ಇರಿಸಿ ಹತ್ತೊಂಬತ್ತು ವರ್ಷವಾಗಿತ್ತು. ತಪ್ಪು ಮಾಡಿ ಸೆರೆಮನೆಗೆ ಹೋದವನನ್ನಾದರೂ ಒಂದು ದಿನ ಬಿಡುತ್ತಾರೆ. ಒಂದು ವರ್ಷ ಕೊಡಿ, ಮತ್ತೆ ಕರೆತರುತ್ತೇನೆ ಎಂದು ಮೇಲ್ವಿಚಾರಕ ಅಲ್ಲೇ ಪಟ್ಟುಹಿಡಿದು ಒಪ್ಪಿಸಿಕೊಂಡ.

ಮನೆಗೆ ಬಂದವನೇ ಡಬ್ಬಿಯ ಬೆಲ್ಲವನ್ನು ಇರುವೆಗಳಿಗೆ ಸುರಿದ. ಅಂದಿನಿಂದ ಹೊಸ ಪಾಠ. ಯಾರಾದರೂ ಬೇಕು ಎಂದರೆ ಕೊಡುವುದು, ಬೇಡ ಎಂದರೆ ನಿಜವಾಗಿಯೂ ತೆಗೆದುಬಿಡುವುದು. ಮೊದಮೊದಲು ಗೂಳಯ್ಯ ಎಲ್ಲಕ್ಕೂ ಹೌದೆಂದು, ಮೂರು ಕಂಬಳಿ ಹೊದ್ದು ಬೆವರಿದ. ಆಮೇಲೆ ಎಲ್ಲಕ್ಕೂ ಬೇಡವೆಂದು ಹಸಿದು ಕೂತು ಅತ್ತ. ಮೇಲ್ವಿಚಾರಕನೂ ಜೊತೆಗೆ ಹಸಿದು ಕೂತ. ಆರು ತಿಂಗಳು ಕಳೆಯುವ ಹೊತ್ತಿಗೆ ಸಾಲು ಚೆಲ್ಲಾಪಿಲ್ಲಿಯಾಗಿತ್ತು, ಮನೆ ತುಂಬ ಗಲಾಟೆ. ಆದರೆ ಒಬ್ಬೊಬ್ಬರ ಬಾಯಲ್ಲೂ ಅವರವರ ಮಾತೇ ಬರುತ್ತಿತ್ತು.

ವರ್ಷ ತುಂಬುವ ಮುಂಚೆ ಮೇಲಧಿಕಾರಿ ತಪಾಸಣೆಗೆ ಬಂದ. ಊಟ ಸರಿಯಿದೆಯೇ ಎಂದು ಮುದುಕಿಯನ್ನು ಕೇಳಿದ. ಇಲ್ಲ, ಸಾರಿಗೆ ಉಪ್ಪಿಲ್ಲ ಎಂದಳು ಅವಳು. ಅಧಿಕಾರಿಯ ಮುಖ ಕೆಂಪಾಯಿತು. ಇದೇನು ಮನೆಯೋ ಸಂತೆಯೋ, ನಾಳೆಯಿಂದ ಹಳೇ ಪದ್ಧತಿಯೇ ನಡೆಯಬೇಕು ಎಂದು ಗುಡುಗಿದ. "ಇಲ್ಲ ಸ್ವಾಮಿ," ಎಂದ ಮೇಲ್ವಿಚಾರಕ. ತನಗಿಂತ ಮೇಲಿನವನೆದುರು ಆ ಮಾತು ಅವನ ಬಾಯಿಂದ ಹೊರಟದ್ದು ಅದೇ ಮೊದಲು. ತಿಂಗಳ ಕೊನೆಗೆ ಕೆಲಸ ಬಿಟ್ಟು ಹೋಗಬೇಕೆಂಬ ಆಜ್ಞೆ ಅವನ ಕೈಸೇರಿತು.

ತಿಂಗಳ ಕೊನೆಯೊಳಗೇ ವಿಚಾರಣೆ ಬಂತು. ಗೂಳಯ್ಯನ ಜೊತೆಗೆ, ಯಾರೂ ಕೇಳದಿದ್ದರೂ, ಅವನು ಮುದುಕಿಯನ್ನೂ ಕರೆದುಕೊಂಡು ಹೋದ. ನ್ಯಾಯಾಧಿಕಾರಿ ಮೊದಲು ಪರೀಕ್ಷೆ ಮಾಡಿದ. ನಿನ್ನ ಹೆಸರು ಗೂಳಯ್ಯನೇ ಎಂದರೆ ಹೌದು. ನನ್ನ ಮನೆಗೆ ಬೆಂಕಿ ಇಟ್ಟೆಯಾ ಎಂದರೆ ಇಲ್ಲ. ಬಣವೆಗೆ ಇಟ್ಟೆಯಾ ಎಂದಾಗ ಗೂಳಯ್ಯ ತಲೆ ಅಡ್ಡಡ್ಡ ಆಡಿಸಿದ.

"ಇಲ್ಲ. ನೀರು ಹಾಕಿದೆ. ಆರಲಿಲ್ಲ," ಎಂದು, ಎರಡೂ ಕೈಯಿಂದ ಎರಚಿ ತೋರಿಸಿದ.

ಮೇಲ್ವಿಚಾರಕನಿಗೆ ದುಃಖ ತಡೆಯಲಾಗಲಿಲ್ಲ. ಬಂದ ದಿನವೇ ಈ ಮನುಷ್ಯ ಚೊಂಬು ಹಿಡಿದು ಅಂಗಳದಲ್ಲಿ ಸಾಕ್ಷಿ ಹೇಳಿದ್ದ. ಆ ಬಾಯಿ ಮುಚ್ಚಿಸಿದವನು ತಾನೇ. ಕಣ್ಣೊರೆಸಿಕೊಂಡು ಮುದುಕಿಯನ್ನು ಮುಂದೆ ನಿಲ್ಲಿಸಿ, ಇವಳನ್ನೂ ಕೇಳಿ ಎಂದ. ಕುಂಬಳಕಾಯಿ ಕಿತ್ತೆಯಾ ಎಂದು ಕೇಳಿದರೆ ಅವಳು, ಹೌದು, ಹಸಿವಾಗಿತ್ತು ಎಂದಳು. ನ್ಯಾಯಾಧಿಕಾರಿ ಲೇಖನಿ ಎತ್ತಿ ಇಬ್ಬರ ಬಿಡುಗಡೆಯನ್ನೂ ಬರೆದ. ಅಂದು ಇಬ್ಬರೂ ತಮ್ಮ ತಮ್ಮ ಊರಿಗೆ ಹೋದರು. ಮೇಲ್ವಿಚಾರಕನೂ ಬಟ್ಟೆ ಗಂಟು ಕಟ್ಟಿಕೊಂಡು ತನ್ನೂರಿನ ದಾರಿ ಹಿಡಿದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನ ಕಣ್ಣು ಒದ್ದೆಯಾಗಿತ್ತು. "ಅರ್ಥವಾಯಿತು ಗುರುಗಳೇ. ತಾವು ಹೇಳಿದ ಹಾಗೆಯೇ ನಡೆಯುತ್ತೇನೆ," ಎಂದು ಕೈಮುಗಿದ.

ಗುರುಗಳು ಆ ಮುಗಿದ ಕೈಗಳನ್ನೇ ನೋಡುತ್ತ ಕೇಳಿದರು:

"ಈ ಹನ್ನೆರಡು ವರ್ಷದಲ್ಲಿ ನನಗೆ ಒಂದು ಸಲವಾದರೂ ಇಲ್ಲ ಎಂದಿದ್ದೀಯಾ?"